ಕಣ್ಣಿಗೆ ಕಾಣದ ನಂಜುಂಡರು

ಬ್ಯಾಕ್ಟೀರಿಯಾ ಎಂದರೇನೆಂದು ಮಕ್ಕಳನ್ನು ಕೇಳಿದರೆ ‘ರೋಗ ತರುವ ಕ್ರಿಮಿ’ ಎಂಬ ಉತ್ತರ ತಟ್ಟನೆ ಬರುತ್ತದೆ. ದೊಡ್ಡವರ ಉತ್ತರವೂ ಇದಕ್ಕಿಂತ ಭಿನ್ನವಾಗಿರುವುದಿಲ್ಲ. ಹಾಗೆ ಹೇಳುವವರ ಮನೆಯಲ್ಲಿಯೇ ರಾತ್ರಿ ಹಾಲಿಗೆ ಹೆಪ್ಪು ಹಾಕಿರುತ್ತಾರೆ. ಹಿತ್ತಲಿನ ತಿಪ್ಪೆಯಲ್ಲಿ ಸಗಣಿ, ಕಸಕಡ್ಡಿಗಳು ಕೊಳೆತು ಗೊಬ್ಬರವಾಗುತ್ತಿರುತ್ತವೆ. ಎರಡರಲ್ಲಿಯೂ ದುಡಿಯುವವು ಈ ಸೂಕ್ಷ್ಮಜೀವಿಗಳೇ. ಅವುಗಳಲ್ಲಿ ಕೆಲವು ಕಾರ್ಖಾನೆಗಳ ಕೊಳೆನೀರಿನಲ್ಲಿರುವ ವಿಷವನ್ನೂ ಉಂಡು ಅರಗಿಸಿಕೊಳ್ಳಬಲ್ಲವು. ಅವುಗಳ ಶಕ್ತಿಯನ್ನೂ ಆ ಶಕ್ತಿಯ ಮಿತಿಯನ್ನೂ ನಾವು ತಿಳಿದಿರುವುದು ಅಗತ್ಯ.

ನಮ್ಮ ಕೀಳ್ ಕೋತಗಿರಿಯ ಕಡೆಯ ತೊರೆಗಳ ನೀರು ಮೋಯಾರು, ಭವಾನಿ ನದಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಕೆಳಗಿನ ಬಯಲಿನಲ್ಲಿ ತಿರುಪ್ಪೂರನ್ನು ಹಾದು ಹರಿಯುವ ನೊಯ್ಯಲ್ ನದಿ ಸೇರುವುದೂ ಅದೇ ಕಾವೇರಿಯನ್ನು. ಬನಿಯನ್ ತಯಾರಿಕೆಗೆ ಹೆಸರಾದ ಆ ಊರಿಗೆ ನಮ್ಮ ಬೆಟ್ಟದ ತರುಣರು ದುಡಿಯಲು ಇಳಿದು ಹೋಗುತ್ತಾರೆ. ಕೊಂಗುನಾಡಿನಲ್ಲಿ ನೆಲೆಸಿ ಮನೆಯಲ್ಲಿ ಕನ್ನಡವನ್ನೇ ಆಡುವ ದೇವಾಂಗ ನೇಕಾರ ಕುಟುಂಬಗಳಿಗಂತೂ ನೂಲು ಬಣ್ಣಗಳ ನಂಟು ತಲೆಮಾರುಗಳದು. ಆದುದರಿಂದ ನೊಯ್ಯಲ್ಲಿನ ಕಥೆ ನಮಗೆ ಪರರ ಕಥೆಯಲ್ಲ.

ಹತ್ತಿಯ ಬಟ್ಟೆಗೆ ಬಣ್ಣ ಹಿಡಿಸಲು ನೀರೂ ಉಪ್ಪೂ ಹೇರಳವಾಗಿ ಬೇಕು. ಬಟ್ಟೆಗೆ ಅಂಟದೆ ಉಳಿದ ಬಣ್ಣವೂ ಉಪ್ಪೂ ನೀರಿನೊಡನೆ ಹೊರಬೀಳುತ್ತವೆ. ವರ್ಷಾನುವರ್ಷ ಆ ನೀರು ನೊಯ್ಯಲ್ಲಿಗೆ ಹರಿಯಿತು. ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ನೀರು ಬೇಕೆಂದು ಕೇಳಬೇಕಾಗಿದ್ದ ರೈತರೇ ಈ ನೀರು ಬೇಡವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಕಡೆಗೆ 2011ರ ಜನವರಿ 28ರಂದು ಮದರಾಸು ಉಚ್ಚ ನ್ಯಾಯಾಲಯವು ಅಲ್ಲಿಯ 700ಕ್ಕೂ ಹೆಚ್ಚು ಬಣ್ಣದ ಕಾರ್ಖಾನೆಗಳನ್ನು ಮುಚ್ಚಬೇಕೆಂದು ಆಜ್ಞೆ ಮಾಡಿತು. ಬಾವಿ ಕೆಟ್ಟು ಬೆಳೆ ಕಳೆದುಕೊಂಡವರು ಒಂದು ಕಡೆ, ಕೂಲಿ ಕಳೆದುಕೊಂಡವರು ಇನ್ನೊಂದು ಕಡೆ. ಎರಡು ಕಡೆಯೂ ಬಡವರೇ ಇದ್ದರು.

ಇಂಥ ನೀರನ್ನು ಶುದ್ಧಿ ಮಾಡುವ ಕಾರ್ಯದಲ್ಲಿ ಬ್ಯಾಕ್ಟೀರಿಯಾಗಳು ಹೇಗೆ ನೆರವಾಗುತ್ತವೆ? ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು 1914ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಕೊಳೆನೀರಿಗೆ ಗಾಳಿ ಊದಿದಾಗ ಬ್ಯಾಕ್ಟೀರಿಯಾಗಳು ಬೆಳೆದು ಕೆಸರಾಗಿ ತಳದಲ್ಲಿ ಕೂಡುತ್ತವೆ. ಆ ಕೆಸರನ್ನು ಚೆಲ್ಲದೆ ಮುಂದಿನ ಕೊಳೆನೀರಿಗೆ ಬೆರೆಸಿದರೆ ಶುದ್ಧೀಕರಣವು ಬೇಗ ನಡೆಯುತ್ತದೆ. ನಮ್ಮ ಹೆಣ್ಣುಮಕ್ಕಳು ನಿನ್ನೆಯ ಮೊಸರಿನಿಂದ ಇಂದಿನ ಹಾಲಿಗೆ ಹೆಪ್ಪು ಹಾಕುವ ರೀತಿಯೇ ಇದು. ಇಂದಿಗೂ ಊರೂರುಗಳ ಶುದ್ಧೀಕರಣ ತೊಟ್ಟಿಗಳು ಇದೇ ತತ್ತ್ವದ ಮೇಲೆ ನಡೆಯುತ್ತವೆ.

ವಿಷವನ್ನು ಉಣ್ಣುವ ಜಾತಿಗಳನ್ನು ಹುಡುಕುವ ಉಪಾಯವೂ ಸರಳ. ಕಾರ್ಖಾನೆಯ ಚರಂಡಿಯ ಮಣ್ಣನ್ನು ತಂದು, ಆ ವಿಷವಲ್ಲದೆ ಬೇರೆ ಆಹಾರವೇ ಇಲ್ಲದ ನೀರಿನಲ್ಲಿ ಹಾಕುತ್ತಾರೆ. ವಿಷವನ್ನು ಆಹಾರವಾಗಿಸಿಕೊಳ್ಳಬಲ್ಲವು ಮಾತ್ರ ಬೆಳೆಯುತ್ತವೆ; ಉಳಿದವು ಹಸಿದು ಸಾಯುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ಸೈಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ವಿಭಜಿಸುವ ಬ್ಯಾಕ್ಟೀರಿಯಾದ ವಿವರವನ್ನು ಪ್ರಕಟಿಸಿದರು. ಫೀನಾಲ್ ಬಳಗದ ಪ್ಯಾರಾಕ್ರೆಸಾಲ್ ಎಂಬ ವಿಷವನ್ನು ಉಣ್ಣುವ ಬ್ಯಾಸಿಲಸ್ ಕುಲದ ಬ್ಯಾಕ್ಟೀರಿಯಾವನ್ನು ಕುರಿತೂ ಅಲ್ಲಿ ಸಂಶೋಧನೆ ನಡೆದಿದೆ.

ಆದರೆ ಬಟ್ಟೆಯ ಬಣ್ಣವನ್ನು ಅರಗಿಸುವುದು ಅಷ್ಟು ಸುಲಭವಲ್ಲ. ಬಣ್ಣಗಳಲ್ಲಿ ಬಹುಪಾಲು ‘ಅಜೋ’ ವರ್ಗದವು. ಅವುಗಳ ಅಣುವಿನ ನಡುವೆ ಎರಡು ಸಾರಜನಕ ಪರಮಾಣುಗಳ ಜೋಡಿಯೊಂದು ಕೊಂಡಿಯಂತಿರುತ್ತದೆ. ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಈ ಕೊಂಡಿಯನ್ನು ಕತ್ತರಿಸುತ್ತವೆ. ಒಡನೆಯೇ ಬಣ್ಣ ಮಾಯವಾಗಿ ನೀರು ತಿಳಿಯಾದಂತೆ ಕಾಣುತ್ತದೆ. ಕಣ್ಣು ಮೋಸಹೋಗುವುದು ಇಲ್ಲಿಯೇ. ಕತ್ತರಿಸಿದ ತುಂಡುಗಳು ಅಮೈನುಗಳೆಂಬ ವಸ್ತುಗಳು. ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ಕಾರಣವಾಗಬಲ್ಲವು. ಅವುಗಳನ್ನು ಅರಗಿಸಲು ಗಾಳಿ ಊದುವ ಎರಡನೆಯ ತೊಟ್ಟಿ ಬೇಕು. ಮೊದಲನೆಯದಕ್ಕೇ ನಿಲ್ಲಿಸಿದರೆ ಕಾಣುತ್ತಿದ್ದ ವಿಷವನ್ನು ಕಾಣದ ವಿಷವನ್ನಾಗಿ ಮಾಡಿದಂತೆಯೇ ಸರಿ.

ಈ ಜೀವಿಗಳನ್ನು ಸಾಕುವುದಕ್ಕೂ ದನಕರುಗಳಿಗೆ ಬೇಕಾಗುವಷ್ಟೇ ಎಚ್ಚರ ಬೇಕು. ಹುಳಿ ಕ್ಷಾರಗಳು ಮಿತಿಮೀರಬಾರದು. ಗಾಳಿ, ಪೋಷಕಾಂಶಗಳು ಕಡಿಮೆಯಾಗಬಾರದು. ಹೊಸ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಒಮ್ಮೆಲೇ ಸುರಿದರೆ ತೊಟ್ಟಿಯೇ ಸತ್ತುಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಉಪ್ಪನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಇಲ್ಲ. ಉಪ್ಪಿನಲ್ಲಿ ಬದುಕುವ ಜಾತಿಗಳಿವೆ. ಉಪ್ಪನ್ನು ಇಲ್ಲದಂತೆ ಮಾಡುವ ಜಾತಿಯಿಲ್ಲ. ಸೀಸ, ಕ್ರೋಮಿಯಂ ಮುಂತಾದ ಲೋಹಗಳ ಮಾತೂ ಅಷ್ಟೆ. ಅವುಗಳ ರೂಪ ಬದಲಾಗಬಹುದು, ಇಲ್ಲವೇ ಅವು ಕೆಸರಿನಲ್ಲಿ ಸಿಕ್ಕಿಕೊಳ್ಳಬಹುದು. ಲೋಹ ಮಾತ್ರ ಲೋಹವಾಗಿಯೇ ಉಳಿಯುತ್ತದೆ. ನೊಯ್ಯಲ್ ಬಯಲಿನ ರೈತರನ್ನು ಬಹುವಾಗಿ ಕಾಡಿದ್ದು ಈ ಉಪ್ಪೇ. ಅದಕ್ಕಾಗಿ ತಿರುಪ್ಪೂರಿನ ಶುದ್ಧೀಕರಣ ಕೇಂದ್ರಗಳಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ಮುಗಿದ ಮೇಲೆ ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಒತ್ತಿ ಹಾಯಿಸಿ, ಉಳಿದ ಉಪ್ಪುನೀರನ್ನು ಕಾಯಿಸಿ ಆರಿಸಬೇಕಾಯಿತು. ಇದಕ್ಕೆ ತಗಲುವ ವಿದ್ಯುತ್ತೂ ಹಣವೂ ಅಪಾರ. ನಾವು ತೊಡುವ ಅಗ್ಗದ ಬನಿಯನ್ನಿನ ನಿಜವಾದ ಬೆಲೆಯಲ್ಲಿ ಇದೂ ಸೇರಬೇಕಾದುದು ನ್ಯಾಯ.

ಹಾಲಾಹಲವನ್ನು ಕುಡಿದ ಶಿವನನ್ನು ನಂಜುಂಡನೆಂದು ನಾವು ಪೂಜಿಸುತ್ತೇವೆ. ಆತನು ವಿಷವುಂಡದ್ದು ಒಮ್ಮೆ. ಮಣ್ಣಿನಲ್ಲಿರುವ ಈ ಪುಟ್ಟ ನಂಜುಂಡರಿಗೆ ನಾವು ದಿನವೂ ವಿಷ ಬಡಿಸುತ್ತಿದ್ದೇವೆ. ಅವು ಉಣ್ಣಬಲ್ಲುದನ್ನು ಅವಕ್ಕೆ ಹಿತವಾಗುವಂತೆ ಕೊಡೋಣ. ಅವುಗಳಿಗೆ ಅರಗದುದನ್ನು ನದಿಗೆ ಬಿಡದಿರುವ ಹೊಣೆ ಮಾತ್ರ ಮನುಷ್ಯನದೇ. ಮಕ್ಕಳಿಗೆ ಬ್ಯಾಕ್ಟೀರಿಯಾದ ಪಾಠ ಹೇಳುವಾಗ ಈ ಮಾತನ್ನೂ ಸೇರಿಸಿ ಹೇಳಬೇಕೆಂದು ನಮಗೆ ತೋರುತ್ತದೆ.