ಶೀರ್ಷಾಸನವನ್ನು ವಿಡಿಯೊ ನೋಡಿ ಕಲಿಯಬಹುದೇ?

ಪ್ರಶ್ನೆ: ನನಗೆ ಐವತ್ತು ದಾಟಿದೆ. ಮನೆಯಲ್ಲೇ ಮೊಬೈಲ್ ನೋಡಿಕೊಂಡು ಯೋಗ ಮಾಡುತ್ತೇನೆ. ಶೀರ್ಷಾಸನವನ್ನೂ ಹೀಗೆಯೇ ಕಲಿಯಬಹುದೇ?

ಉತ್ತರ: ಬೇಡ. ಉಳಿದ ಅಭ್ಯಾಸ ಖಂಡಿತ ಮುಂದುವರಿಸಿ. ಶೀರ್ಷಾಸನವನ್ನು ಮಾತ್ರ ಅನುಭವಿ ಶಿಕ್ಷಕರ ಎದುರಿನಲ್ಲೇ ಕಲಿಯಿರಿ. ತಲೆಯೊಂದನ್ನೇ ಹೊತ್ತು ರೂಢಿಯಿರುವ ಕತ್ತಿನ 7 ಮೂಳೆಗಳ ಮೇಲೆ ಇಲ್ಲಿ ಮೈಯ ಭಾರವೂ ಬೀಳುತ್ತದೆ. ಮುಂಗೈಗಳನ್ನು ನೆಲಕ್ಕೆ ಒತ್ತಿ, ಭುಜಗಳನ್ನು ಕಿವಿಯಿಂದ ದೂರ ಎತ್ತಿ ಹಿಡಿದರೆ ಆ ಹೊರೆ ತಗ್ಗುತ್ತದೆ. ಭುಜ ಕುಸಿದರೆ ಮಾಡುವವರಿಗೆ ಗೊತ್ತಾಗುವುದಿಲ್ಲ, ವಿಡಿಯೊ ತಿದ್ದುವುದೂ ಇಲ್ಲ. ಜೊತೆಗೆ, ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಸುಮಾರು ಇಮ್ಮಡಿಯಾಗುತ್ತದೆ. ಗ್ಲಾಕೋಮಾ, ರೆಟಿನಾ ತೊಂದರೆ, ಹತೋಟಿಗೆ ಬಾರದ ಬಿ.ಪಿ., ಕತ್ತಿನ ನೋವು, ಮೂಳೆ ಸವೆತ ಇರುವವರು ಇದರ ತಂಟೆಗೇ ಹೋಗಬಾರದು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಕುರ್ಚಿ, ಪಟ್ಟಿ, ಮರದ ಇಟ್ಟಿಗೆಗಳ ಆಸರೆಯಲ್ಲಿ ಆಸನ ಕಲಿಸಿ, ಬಾಗದ ಮೈಗೂ ಯೋಗ ಒಗ್ಗುವಂತೆ ಮಾಡಿದರು. ಮನೆಯಲ್ಲಿ ಆ ದಾರಿಯೇ ಕ್ಷೇಮ. ಉದಾಹರಣೆಗೆ, ಗೋಡೆಯನ್ನೇ ಆಸರೆಯಾಗಿಸಿಕೊಳ್ಳಿ: ಅದಕ್ಕೆ ಎದುರಾಗಿ ನಿಂತು, ಸೊಂಟದ ಎತ್ತರಕ್ಕೆ ಅಂಗೈಗಳನ್ನು ಊರಿ, ಬೆನ್ನು ನೇರವಾಗುವವರೆಗೆ ನಿಧಾನವಾಗಿ ಹಿಂದೆ ಸರಿಯಿರಿ. ಹಿಂತೊಡೆ ಸೆಳೆದರೆ ಮಂಡಿಯನ್ನು ತುಸು ಬಾಗಿಸಿ. ಭುಜ, ಬೆನ್ನು ಎರಡೂ ಚೆನ್ನಾಗಿ ಹಿಗ್ಗುತ್ತವೆ.

ಊಟವಾಗಿ 3–4 ಗಂಟೆ ಕಳೆದಿರಲಿ, ಚಾಪೆ ಜಾರದಿರಲಿ. ಸ್ನಾಯು ಹಿಗ್ಗುವ ಸೆಳೆತ ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಕೈಕಾಲು ಜೋಮು, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ. ಅದು ಮರುಕಳಿಸಿದರೆ ವೈದ್ಯರಿಗೆ ತೋರಿಸಿ.