ಕೀಲಿಯ ಮಾತು ಕೇಳದ ಮಾನಿಟರ್

ನಮ್ಮ ನಗರದ ಪುಟ್ಟ ಮನೆಗಳಲ್ಲಿ ಊಟದ ಮೇಜೇ ಎಷ್ಟೋ ಸಲ ನಿಮ್ಮ ಆಫೀಸು. ಪಕ್ಕದ ಕೋಣೆಯಲ್ಲಿ ಅಜ್ಜಿಗೆ ಈಗಷ್ಟೇ ನಿದ್ದೆ ಹತ್ತಿದೆ. ಮ್ಯಾಕ್‌ಗೆ ಜೋಡಿಸಿದ ಮಾನಿಟರ್ ಇದ್ದಕ್ಕಿದ್ದಂತೆ ಅಬ್ಬರಿಸುತ್ತದೆ. ಕೀಬೋರ್ಡಿನ ವಾಲ್ಯೂಮ್ ಕೀಲಿ ಒತ್ತಿದರೆ ಪರದೆಯ ಮೇಲೆ ‘ಆಗದು’ ಎಂಬ ಚಿಹ್ನೆ ಮೂಡುತ್ತದೆಯೇ ಹೊರತು ದನಿ ತಗ್ಗುವುದಿಲ್ಲ. ಮಾನಿಟರಿನ ಬೆನ್ನಿನ ಗುಂಡಿಗಾಗಿ ತಡಕಾಡುವಷ್ಟರಲ್ಲಿ ಅಜ್ಜಿ ಎದ್ದು ಕೂತಿರುತ್ತಾರೆ!

ಕೀಬೋರ್ಡ್ ಕೆಟ್ಟಿಲ್ಲ, ಹೊಸದಕ್ಕೆ ದುಡ್ಡು ಸುರಿಯಬೇಡಿ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲಿ ಮ್ಯಾಕ್ ಸಾಮಾನ್ಯವಾಗಿ ದನಿಯನ್ನು ಪೂರ್ಣ ಮಟ್ಟದಲ್ಲೇ ಕಳುಹಿಸುತ್ತದೆ. ಅದನ್ನು ಹೆಚ್ಚು ಕಡಿಮೆ ಮಾಡುವ ಹೊಣೆ ಮಾನಿಟರಿನದು. ವಿಂಡೋಸ್ ತಾನೇ ತಗ್ಗಿಸಿ ಕಳುಹಿಸುವುದರಿಂದ ಅಲ್ಲಿ ಈ ತೊಂದರೆ ಕಡಿಮೆ.

ಪರಿಹಾರವೂ ಅದೇ ಕೇಬಲ್ಲಿನಲ್ಲಿದೆ. ಕಂಪ್ಯೂಟರು ಮಾನಿಟರಿಗೆ ಆಜ್ಞೆ ಕೊಡಲೆಂದು ವೆಸಾ ಸಂಸ್ಥೆ 1998ರಲ್ಲಿ ಡಿಡಿಸಿ/ಸಿಐ ಎಂಬ ಪದ್ಧತಿಯನ್ನು ರೂಪಿಸಿತು. ಬೆಳಕಿಗೊಂದು, ದನಿಗೊಂದು ಸಂಕೇತ ಅದರಲ್ಲಿದೆ. ಮಾನಿಟರ್‌ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ನಿಮ್ಮ ಕೀಲಿಯ ಒತ್ತನ್ನು ಆ ಸಂಕೇತವಾಗಿ ಬದಲಿಸಿ ಕಳುಹಿಸುತ್ತದೆ.

ಮೊದಲು ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ ಆನ್ ಮಾಡಿ. ಆಮೇಲೆ ತಂತ್ರಾಂಶ ಹಾಕಿಕೊಂಡು, ಮ್ಯಾಕ್‌ನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಆಕ್ಸೆಸಿಬಿಲಿಟಿ ಅನುಮತಿ ಕೊಡಿ. ಎಂ1 ಮ್ಯಾಕ್‌ಗಳ ಎಚ್‌ಡಿಎಂಐ ಕಿಂಡಿಯಿಂದ ಈ ಆಜ್ಞೆ ಸಾಗದು. ಯುಎಸ್‌ಬಿ-ಸಿ ಕಿಂಡಿಯನ್ನೇ ಬಳಸಿ. ದನಿಯ ಸಂಕೇತವನ್ನು ಒಪ್ಪದ ಮಾನಿಟರುಗಳೂ ಇವೆ. ಕೊಳ್ಳುವ ಮುನ್ನ ವಿಚಾರಿಸಿ.

ಇವತ್ತು ಸಂಜೆಯೇ ಹತ್ತು ನಿಮಿಷ ಕೂತು ಹೊಂದಿಸಿಬಿಡಿ. ನಿಮ್ಮ ಕೆಲಸವೂ ನಡೆಯಲಿ, ಅಜ್ಜಿಯ ನಿದ್ದೆಯೂ ಉಳಿಯಲಿ.