ಬೀಜದ ಗಡಿಗೆ ಎತ್ತರದಲ್ಲಿರಲಿ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಗುಂದ ದಾಟಿದ ಮೇಲೆ ಮಲಪ್ರಭೆಯ ದಂಡೆಗೆ ಸಿಗುವ ಊರು ಗದಗ ಜಿಲ್ಲೆಯ ಕೊಣ್ಣೂರು. ಪೇರಲ ಹಣ್ಣಿಗೆ ಹೆಸರಾದ ಊರು. ಹೊಳೆ ಬಂದಾಗಲೂ ಈ ಹೆಸರು ಸುದ್ದಿಯಲ್ಲಿರುತ್ತದೆ. 2019ರ ಆಗಸ್ಟ್‌ನಲ್ಲಿ ನೀರು ಊರೊಳಗೆ ನುಗ್ಗಿತು, ಹೆದ್ದಾರಿ ಬಂದ್ ಆಯಿತು. ಇಂಥ ನೆರೆ ಇಳಿದ ಮೇಲೆ ಬಿದ್ದ ಗೋಡೆ, ಕೊಳೆತ ಬೆಳೆಯ ಲೆಕ್ಕ ಬರೆಯುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಬೂದಿ ಬೆರೆಸಿ ಇಟ್ಟ ಹೀರೆ, ಚವಳಿ, ಅವರೆ ಬೀಜದ ಗಡಿಗೆ ಮಾತ್ರ ಯಾವ ಪಂಚನಾಮೆಗೂ ಬರುವುದಿಲ್ಲ.

ಆ ಗಡಿಗೆಯ ಬೀಜದಿಂದಲೇ ಹಿತ್ತಲು ನಡೆಯುತ್ತಿತ್ತು. ಹೊಲದ ಉತಾರ ಬಹುತೇಕ ಗಂಡಸರ ಹೆಸರಿನಲ್ಲಿ; ಬಚ್ಚಲ ನೀರು ಹರಿಯುವ ಹಿತ್ತಲು ಮತ್ತು ಹೊಲದೊಳಗಿನ ಅಕ್ಕಡಿ ಸಾಲು ಹೆಂಗಸರ ಕಾರಭಾರ. ನವಿಲುತೀರ್ಥ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಎರಿಭೂಮಿಯ ಲೆಕ್ಕಾಚಾರ ಬದಲಾಯಿತು. ಹೆಚ್ಚು ನೀರು ನಿಂತ ಕಡೆ ಸವಳು-ಜವಳು, ಉಳಿದ ಕಡೆ ಒಂದೇ ಬೆಳೆ. ಅಕ್ಕಡಿ ಕಡಿಮೆಯಾಯಿತು, ಪಲ್ಲೆ ಸಂತೆಯಿಂದ ಬರತೊಡಗಿತು. ರೊಟ್ಟಿ ಜೊತೆ ಹಸಿಯಾಗೇ ತಿನ್ನುವ ಹಕ್ಕರಕಿಗೂ ದುಡ್ಡು ಕೊಡಬೇಕು. 2019–20ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣ ಹಲವು. ತಟ್ಟೆಯಲ್ಲಿ ಸೊಪ್ಪು ತಪ್ಪಿದ್ದು ಅವುಗಳಲ್ಲೊಂದು.

ಸರ್ಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. ಶಾಲೆಗಳಲ್ಲಿ ಪೌಷ್ಟಿಕ ತೋಟ ಬೆಳೆಸಲು ಕೇಂದ್ರ ಶಿಕ್ಷಣ ಇಲಾಖೆ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಉದ್ಯೋಗ ಖಾತರಿಯ ಹಣದಲ್ಲಿ ರಾಜ್ಯದ ಅನೇಕ ಶಾಲೆಗಳಲ್ಲಿ ಕೈತೋಟ ಆಗಿದೆ. ನುಗ್ಗೆ, ಕರಿಬೇವು, ಪಪ್ಪಾಯಿ ನೆಟ್ಟು ಫೋಟೊ ತೆಗೆಸಿದ್ದೂ ಆಗಿದೆ. ತೊಡಕು ಇರುವುದು ಏಪ್ರಿಲ್‌ನಲ್ಲಿ. ಬೇಸಿಗೆ ರಜೆ ಶುರುವಾಗುವುದೂ ಎರಿಮಣ್ಣು ಕೈ ಹೋಗುವಷ್ಟು ಬಿರುಕು ಬಿಡುವುದೂ ಒಂದೇ ಹೊತ್ತಿಗೆ. ಮಾಸ್ತರರು ಊರಿಗೆ ಹೋಗಿರುತ್ತಾರೆ, ಮಕ್ಕಳಿಗೆ ಸೂಟಿ. ರಜೆ ಮುಗಿದು ಶಾಲೆ ತೆರೆದಾಗ ಉಳಿದಿರುವುದು ಯೋಜನೆಯ ಹೆಸರು ಬರೆದ ಫಲಕ. ತೋಟ ಮಾಡಲು ಅನುದಾನ ಸಾಕು, ಉಳಿಸಲು ಯಜಮಾನಿ ಬೇಕು.

ಆ ಯಜಮಾನಿಕೆ ಹೇಗಿರುತ್ತದೆ ಎಂದು ನೋಡಲು ಪಕ್ಕದ ಧಾರವಾಡ ಜಿಲ್ಲೆಗೆ ಹೋದರೆ ಸಾಕು. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ 2018ರಲ್ಲಿ 15 ಮಹಿಳೆಯರು ಸೇರಿ ಬೀಬಿ ಫಾತಿಮಾ ಸ್ವಸಹಾಯ ಸಂಘ ಕಟ್ಟಿದರು. ಮುಂದಾಳತ್ವ ಬೀಬಿಜಾನ್ ಹಳೇಮನಿ ಅವರದು. ಸಹಜ ಸಮೃದ್ಧ ಸಂಸ್ಥೆಯ ಒತ್ತಾಸೆಯಿಂದ ಅವರು ಮೊದಲು ಕೈಹಾಕಿದ್ದು ಬೀಜಕ್ಕೆ. ಮೂಲೆ ಸೇರಿದ್ದ ಸಾವೆ, ನವಣೆಯಂಥ ಸಿರಿಧಾನ್ಯಗಳ ದೇಸಿ ಬೀಜ ಕೂಡಿಸಿ ಸಮುದಾಯ ಬೀಜ ಬ್ಯಾಂಕ್ ಮಾಡಿದರು; ಮಳೆಯಾಶ್ರಿತ ಹೊಲಗಳಿಗೆ ಮಿಶ್ರ ಬೆಳೆ ಮರಳಿ ಬಂತು. ಧಾನ್ಯ ಹಸನು ಮಾಡಲು ಬೇರೆ ಊರಿಗೆ ಒಯ್ಯುವುದು ತಪ್ಪಲಿ ಎಂದು ಸಂಸ್ಕರಣಾ ಘಟಕವನ್ನೂ ಹಾಕಿದರು. ಯಂತ್ರ ನಡೆಸುವವರೂ ಮಾರುವವರೂ ಅವರೇ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಜಗತ್ತಿನ 10 ತಂಡಗಳಿಗೆ ಕೊಟ್ಟ ಈಕ್ವೇಟರ್ ಪ್ರಶಸ್ತಿಯಲ್ಲಿ ಒಂದು ತೀರ್ಥಕ್ಕೆ ಬಂತು. ಪ್ರಶಸ್ತಿಗಿಂತ ದೊಡ್ಡದು ಬೇರೆ ಇದೆ: ಬಿತ್ತನೆಗೆ ಬೀಜ ಬೇಕಾದ ರೈತ ಈಗ ಹೆಂಗಸರ ಸಂಘದ ಬಾಗಿಲಿಗೆ ಬಂದು ಕೇಳಬೇಕು. ಸಬಲೀಕರಣ ಅನ್ನುವ ಮಾತನ್ನು ಭಾಷಣಗಳಲ್ಲಿ ಕೇಳಿ ಬೇಸತ್ತವರು ಒಮ್ಮೆ ತೀರ್ಥಕ್ಕೆ ಹೋಗಿಬರಬಹುದು.

ಶಿರಸಿಯ ವನಸ್ತ್ರೀ ಬಳಗವೂ ಇದೇ ದಾರಿಯದು. 2001ರಿಂದ ಮಲೆನಾಡಿನ ಹೆಂಗಸರು ಹಿತ್ತಲ ಬೀಜ ಕೊಟ್ಟು-ತಗೊಂಡು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಮಳೆ ಧಾರಾಳ, ನಮ್ಮಲ್ಲಿ ಹಾಗಲ್ಲ. ಕೆಲಸದ ರೀತಿ ಕಲಿಯಲು ಅದೇನೂ ಅಡ್ಡಿಯಾಗದು. ಕೂಡಿ ಮಾಡುವುದು ಗದಗ ಸೀಮೆಗೆ ಹೊಸತೂ ಅಲ್ಲ. 1905ರಲ್ಲಿ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ಇದೇ ಜಿಲ್ಲೆಯದು.

ಕೊಣ್ಣೂರಿನಂಥ ಹೊಳೆದಂಡೆ ಊರಿಗೆ ಬೀಜ ಬ್ಯಾಂಕ್ ಹೆಚ್ಚೇ ಬೇಕು. ನೆರೆಯಲ್ಲಿ ಒಂದು ಓಣಿಯ ಗಡಿಗೆಗಳೆಲ್ಲ ಒಟ್ಟಿಗೇ ಹೋಗುತ್ತವೆ. ಎತ್ತರದ ಜಾಗದಲ್ಲಿ ಸಂಘದ ಒಂದು ಕೋಣೆಯಿದ್ದರೆ, ನೀರಿಳಿದ ಮರುವಾರವೇ ಮೆಂತೆ, ರಾಜಗಿರಿ, ಪುಂಡಿ ಊರಬಹುದು. ಒಂದು ಸೇರು ಒಯ್ದವರು ಸುಗ್ಗಿಗೆ ಎರಡು ಸೇರು ತಂದು ಹಾಕುವುದು ಅನೇಕ ಬೀಜ ಬ್ಯಾಂಕ್‌ಗಳ ರೂಢಿ. ಅದರ ಲೆಕ್ಕದ ಪುಸ್ತಕ ಶಾಲೆಯ ಮಕ್ಕಳ ಕೈಗೆ ಕೊಡಿ. ಬಡ್ಡಿ ಲೆಕ್ಕ, ಮೊಳಕೆಯ ಪ್ರಮಾಣ, ಮಳೆಯ ಅಳತೆ ಎಲ್ಲ ಅಲ್ಲೇ ಕಲಿಯುತ್ತಾರೆ. ನೂರು ಬೀಜ ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳೆತವನ್ನು ಎಣಿಸುವುದಕ್ಕಿಂತ ಸರಳವಾದ ಶೇಕಡಾ ಪಾಠ ಇನ್ನೊಂದಿಲ್ಲ.

ಗ್ರಾಮ ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿಯವರು ಮುಂದಿನ ಬೇಸಿಗೆ ರಜೆಗೆ ಮುಂಚೆ ಇಷ್ಟು ಮಾಡಲಿ: ಶಾಲೆಯ ತೋಟವನ್ನು ಊರಿನ ಒಂದು ಸ್ವಸಹಾಯ ಸಂಘಕ್ಕೆ ಬರೆಹದ ಮೂಲಕ ವಹಿಸಲಿ. ಸೊಪ್ಪು ಬಿಸಿಯೂಟಕ್ಕೆ, ಮಿಕ್ಕಿದ್ದರ ಮಾರಾಟ ಸಂಘಕ್ಕೆ, ನೀರು ಪಂಚಾಯಿತಿಯದು. ಬೀಜಕ್ಕೊಂದು ಕೋಣೆಯನ್ನು ಮುಂಗಾರಿಗೆ ಮೊದಲೇ, ಹೊಳೆ ಮುಟ್ಟದ ಕಡೆ ಕೊಡಲಿ.